ಬಿಡಿಸದೆ ಇಟ್ಟ ಮದುವೆ ಕಾರ್ಡು

ನೀವು ನಂಬುವುದಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆ ಮುಗಿಸಿದ ಹುಡುಗನೊಬ್ಬ ಘಾಟ್ಕೋಪರಿನ ಒಂದು ಪ್ರೆಸ್ಸನ್ನು ಒಂಬತ್ತೇ ದಿನದಲ್ಲಿ ಅಚ್ಚುಕಟ್ಟು ಮಾಡಿದ, ಎರಡು ವಾರದ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ, ಆಮೇಲೆ ಆ ಇಪ್ಪತ್ತು ನಿಮಿಷವನ್ನು ಹೇಗಾದರೂ ವಾಪಸ್ ತೆಗೆದುಕೊಳ್ಳಿ ಎಂದು ಕಂಡ ದೇವರಿಗೆಲ್ಲ ಕೈ ಮುಗಿದ ಎಂದರೆ ಯಾರು ನಂಬುತ್ತಾರೆ. ಆ ಹುಡುಗ ನಾನೇ. ಇದಾಗಿ ಎರಡು ವರ್ಷ. ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲಿ ಈ ಕಥೆಯ ಮೊದಲ ಅರ್ಧವನ್ನು ಎಲ್ಲರಿಗೂ ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ. ಉಳಿದ ಅರ್ಧವನ್ನು ಯಾರಿಗೂ ಹೇಳಿಲ್ಲ.

ನಮ್ಮ ಪ್ರೆಸ್ ಎಂದರೆ ಸ್ಟೇಷನ್ನಿನಿಂದ ಏಳು ನಿಮಿಷದ ಗಲ್ಲಿಯಲ್ಲಿ, ಹಳೇ ಬಿಲ್ಡಿಂಗೊಂದರ ಕೆಳಗಿನ ಕೋಣೆ. ಅದು ಎಷ್ಟು ಚಿಕ್ಕದೆಂದರೆ ಅಪ್ಪ ಜೋರಾಗಿ ಸೀನಿದರೆ ಟ್ರೆಡಲ್ ಮೆಷಿನ್ ತಾನಾಗಿಯೇ ಒಂದು ಹಾಳೆ ಅಚ್ಚು ಹಾಕುತ್ತಿತ್ತು. ಅಪ್ಪ ಮೈಸೂರಿನವರು. ಮದುವೆಗೆ ಮುಂಚೆ ಅಲ್ಲಿಂದ ಏಳು ಮರದ ಪೆಟ್ಟಿಗೆಗಳಲ್ಲಿ ಕನ್ನಡದ ಅಚ್ಚುಮೊಳೆಗಳನ್ನು ರೈಲಿನಲ್ಲಿ ತಂದಿದ್ದರು. ಇಳಿಸುವಾಗ ಹಮಾಲ ಪೆಟ್ಟಿಗೆಯ ಭಾರ ನೋಡಿ, "ಇಸಮೇ ಲಾಶ್ ಹೈ ಕ್ಯಾ", ಒಳಗೆ ಹೆಣ ಇದೆಯಾ, ಎಂದನಂತೆ. ಅಪ್ಪ "ಅಕ್ಷರ" ಎಂದರಂತೆ. ಹಮಾಲ ಇನ್ನೂ ಹೆದರಿದನಂತೆ. ನಾನು ಹೇಳುವಾಗ ಹಮಾಲ ಪೆಟ್ಟಿಗೆ ಬಿಟ್ಟು ಓಡಿಹೋಗುತ್ತಾನೆ, ಅಪ್ಪ ಹೇಳುವಾಗ ಓಡುವುದಿಲ್ಲ.

ಆ ಮೊಳೆಗಳಿಂದಲೇ ನಮ್ಮ ಸಂಸಾರ. ಸೀಸದ ಒಂದೊಂದೇ ಅಕ್ಷರವನ್ನು ಹೆಕ್ಕಿ ಸಾಲು ಮಾಡಿ, ಸಾಲುಗಳನ್ನು ಒಂದು ತಗಡಿನ ತಟ್ಟೆಯಲ್ಲಿ ಜೋಡಿಸಿ, ಸುತ್ತ ದಾರ ಬಿಗಿದರೆ ಒಂದು ಪುಟ. ಆ ತಟ್ಟೆಗೆ ಗ್ಯಾಲಿ ಎನ್ನುತ್ತಾರೆ. ಅಚ್ಚಾದ ಮೇಲೆ ದಾರ ಬಿಚ್ಚಿ, ಒಂದೊಂದೇ ಅಕ್ಷರವನ್ನು ಅದರದರ ಗೂಡಿಗೆ ವಾಪಸ್ ಹಾಕಬೇಕು. ಇದಕ್ಕೆ ಬಿಡಿಸುವುದು ಎಂದು ಹೆಸರು. ಪ್ರಪಂಚದಲ್ಲಿ ಇದಕ್ಕಿಂತ ಬೇಸರದ ಕೆಲಸವಿಲ್ಲ. ರಜೆಯಲ್ಲಿ, ಶನಿವಾರ ಮಧ್ಯಾಹ್ನ, ಅದು ನನ್ನ ಕೆಲಸ.

ಅಪ್ಪನ ನಿಯಮ ಮೂರು. ಹೋಟೆಲುಗಳ ಮೆನು ಕಾರ್ಡು, ಲೆಟರ್‌ಹೆಡ್ಡು ಕಟ್ಟಿಡಬಹುದು. ಮದುವೆಯ ಮ್ಯಾಟರನ್ನು, ಎಂದರೆ ಜೋಡಿಸಿದ ಅಕ್ಷರವನ್ನೆಲ್ಲ, ಮದುವೆಯಾದ ಮರುದಿನ ಬಿಡಿಸಬೇಕು. ತೀರಿಕೊಂಡವರ ಹದಿಮೂರನೇ ದಿನದ ಕಾಗದವನ್ನು ಅಚ್ಚಾದ ಸಂಜೆಯೇ, ದೀಪ ಹಚ್ಚುವ ಮೊದಲು ಬಿಡಿಸಬೇಕು, ಅದನ್ನು ನಾನು ಮುಟ್ಟಬಾರದು. ಯಾಕೆಂದು ಕೇಳಿದ್ದೆ.

"ಮದುವೆ ಒಂದೇ ಸಲ ಆಗೋದು ಕಣೋ. ಮ್ಯಾಟರ್ ಇಟ್ಕೊಂಡು ಏನ್ ಮಾಡ್ತೀಯ, ಉಪ್ಪಿನಕಾಯಿ ಹಾಕ್ತೀಯ?"

ನಾನು ಉಪ್ಪಿನಕಾಯಿಯನ್ನೇ ಹಾಕಿದ್ದೆ. ಬಿಡಿಸಿದ್ದೇನೆ ಎಂದು ಹೇಳಿ, ದಾರ ಬಿಗಿದ ಗ್ಯಾಲಿಯನ್ನು ಹಾಗೆಯೇ ಮೆನು ಕಾರ್ಡುಗಳ ಹಿಂದೆ ತಳ್ಳುವುದು ನನ್ನ ಸ್ವಂತ ಸಂಶೋಧನೆ. ಅಕ್ಷರ ಸಾಲದೆ ಅಪ್ಪ ಗೂಡುಗಳ ಕೇಸು ತಡಕುವಾಗ ನಾನು ಹೊರಗೆ ಹೋಗಿ ಚಹಾ ಹೇಳಿ ಬರುತ್ತಿದ್ದೆ.

ಅಪ್ಪ ಗ್ಯಾಲಿಗಳನ್ನು ಇಟ್ಟಿದ್ದ ರೀತಿಯೂ ನೀವು ನಂಬುವಂಥದ್ದಲ್ಲ. ಒಂದು ಸಲ ಚೆಂಬೂರಿನ ಹೋಟೆಲೊಂದರ ಮೆನು ಎಲ್ಲಿದೆ ಎಂದು ಕೇಳಿದೆ.

"ಮುಲುಂಡಿನವರ ಪಕ್ಕ ನೋಡು. ಅವರಿಬ್ಬರೂ ಷಡ್ಡಕರು."

"ಮತ್ತೆ ಸಾಯನ್‌ದು?"

"ಅದು ಆ ಗೋಡೆಗೆ. ಅವರಿಗೂ ಮುಲುಂಡಿನವರಿಗೂ ಮಾತಿಲ್ಲ."

ಹೀಗೆ ಸೀಸಕ್ಕೂ ನೆಂಟಸ್ತನ, ಸೀಸಕ್ಕೂ ಜಗಳ. ಯಾರ ಮನೆಯ ಗೃಹಪ್ರವೇಶದ ಕಾಗದ ಎಲ್ಲಿದೆಯೆಂದು ತಿಳಿಯಲು ಆ ಮನೆಯ ಮೂರು ತಲೆಮಾರು ಗೊತ್ತಿರಬೇಕಿತ್ತು. ಆ ರಜೆಯಲ್ಲಿ ನಾನು, ಇದು ಬಿಸಿನೆಸ್ ನಡೆಸುವ ರೀತಿಯಲ್ಲ, ಒಂದು ಸಿಸ್ಟಮ್ ಬೇಕು ಎಂದೆ. ಅಪ್ಪ ಕನ್ನಡಕ ಒರೆಸಿಕೊಂಡು, "ಮಾಡು, ನಿನ್ನ ಸಿಸ್ಟಮ್‌ನೂ ನೋಡೋಣ" ಎಂದರು.

ನಾನು ನಾಲ್ಕು ಶೆಲ್ಫ್ ಮಾಡಿದೆ. ಮೊದಲನೆಯದು, ಎಂದೂ ಬದಲಾಗದ್ದು: ಲೆಟರ್‌ಹೆಡ್ಡು, ಅಂಗಡಿಯ ಹೆಸರು, ವಿಳಾಸ. ಎರಡನೆಯದು, ಆಗಾಗ ಬದಲಾಗುವುದು: ಮೆನು, ಕನ್ನಡ ಸಂಘದ ಕಾರ್ಯಕ್ರಮದ ಪಟ್ಟಿ. ಮೂರನೆಯದು, ಒಂದೇ ಸಲದ್ದು: ಮದುವೆ, ಮುಂಜಿ, ಗೃಹಪ್ರವೇಶ. ನಾಲ್ಕನೆಯದು, ಇತರೆ. ಒಂದೊಂದಕ್ಕೂ ಒಂದೊಂದು ಬಣ್ಣದ ದಾರ, ಮದುವೆಗೆ ಕೆಂಪು. ಮೂರನೇ ದಿನಕ್ಕೆ ನೋಡಿದರೆ ಮುಕ್ಕಾಲು ಪ್ರೆಸ್ಸು ‘ಇತರೆ’ಯಲ್ಲಿ ಕೂತಿತ್ತು. ‘ಇತರೆ’ಯ ಒಳಗೇ ಮತ್ತೆ ಮೂರು ಭಾಗ ಮಾಡಿ, ಕೊನೆಯದಕ್ಕೆ ‘ಇತರೆಯ ಇತರೆ’ ಎಂದು ಚೀಟಿ ಅಂಟಿಸಿದೆ.

ಗಿರಾಕಿಗಳಿಗೆ ತೋರಿಸಲು ಒಂದು ಆಲ್ಬಮ್ಮನ್ನೂ ಮಾಡಿದೆ. ಮೊದಲ ಪುಟದಲ್ಲಿ ‘ನಮ್ಮ ಬಗ್ಗೆ’ ಎಂಬ ತಲೆಬರಹ, ಅದರ ಕೆಳಗೆ ‘ಪಶ್ಚಿಮ ಭಾರತದ ಅತಿ ದೊಡ್ಡ ಕನ್ನಡ ಮುದ್ರಣಾಲಯ’.

ಅಪ್ಪ ಓದಿದರು. "ಪಶ್ಚಿಮ ಭಾರತ ಅಂದ್ರೆ ಎಲ್ಲಿಂದ ಎಲ್ಲೀತನಕ?"

"ಘಾಟ್ಕೋಪರಿಂದ ವಿಕ್ರೋಲಿ ತನಕ."

"ಹಾಗಾದ್ರೆ ಸರಿ."

ಆಲ್ಬಮ್ಮಿನಲ್ಲಿ ಹದಿಮೂರನೇ ದಿನದ ಕಾಗದಕ್ಕೆ ಯಾವ ಪುಟ ಎಂದು ಕೇಳಿದಾಗ ಮಾತ್ರ ಅವರು ನಗಲಿಲ್ಲ. "ಅದಕ್ಕೆ ಪುಟ ಬೇಡ. ಅದನ್ನ ಯಾರೂ ಆರಿಸಿ ತಗೊಳ್ಳಲ್ಲ."

ಎಂಟನೇ ದಿನ, ಮೆನುಗಳನ್ನು ಈಚೆ ಎಳೆದಾಗ ಹಿಂದಿನಿಂದ ನನ್ನ ಉಪ್ಪಿನಕಾಯಿಗಳು ಒಂದೊಂದಾಗಿ ಹೊರಬಂದವು. ಹತ್ತು ಗ್ಯಾಲಿ. ಮೊಳೆಯಲ್ಲಿ ಅಕ್ಷರ ಕನ್ನಡಿಯೊಳಗಿನಂತೆ ತಿರುಗಿರುತ್ತದೆ. ತಿರುಗಿದ್ದನ್ನು ನಾನು ಸರಾಗವಾಗಿ ಓದುತ್ತೇನೆ, ಇದನ್ನು ಶಾಲೆಯಲ್ಲಿ ಹಲವು ಸಲ ತೋರಿಸಿ ಕೊಚ್ಚಿಕೊಂಡಿದ್ದೇನೆ. ಎಲ್ಲಕ್ಕಿಂತ ಹಿಂದೆ, ಧೂಳು ಹಿಡಿದು ಇದ್ದದ್ದು ನಮ್ಮ ಗಲ್ಲಿಯ ಬಾಯಲ್ಲಿರುವ ಉಡುಪಿ ಹೋಟೆಲಿನ ಯಜಮಾನರ ದೊಡ್ಡ ಮಗಳ ಮದುವೆ ಕಾರ್ಡು. ಮದುವೆಯಾಗಿ ಎರಡು ವರ್ಷ ಆಗಿತ್ತು. ಹಿಂದಿನ ಮಳೆಗಾಲದಲ್ಲಿ, ಹೆರಿಗೆಯಾದ ಹನ್ನೊಂದನೇ ದಿನ ಆಕೆ ತೀರಿಕೊಂಡಿದ್ದರು. ಆಕೆಯ ಹದಿಮೂರನೇ ದಿನದ ಕಾಗದವನ್ನೂ ಅಪ್ಪನೇ ಜೋಡಿಸಿ, ಅಚ್ಚು ಹಾಕಿ, ಅವತ್ತೇ ಸಂಜೆ ಬಿಡಿಸಿ, ನಲ್ಲಿಯ ಕೆಳಗೆ ತುಂಬ ಹೊತ್ತು ಕೈ ತೊಳೆದಿದ್ದರು. ಅದೇ ಹೊತ್ತಿನಲ್ಲಿ ಆಕೆಯ ಮದುವೆ ಈ ಗೋಡೆಯ ಹತ್ತಿರ ಬಿಗಿಯಾಗಿ ನಿಂತೇ ಇತ್ತು.

ಆಗಲೇ ಬಿಡಿಸಬೇಕಿತ್ತು. ನಾನು ಅದಕ್ಕೊಂದು ಕೆಂಪು ದಾರ ಕಟ್ಟಿ ಮೂರನೇ ಶೆಲ್ಫಿಗೆ ಏರಿಸಿದೆ. ಸಿಸ್ಟಮ್ಮಿನ ಪ್ರಕಾರ ಅದರ ಜಾಗ ಅದೇ.

ಅದಾದ ಸೋಮವಾರ ಹೋಟೆಲಿನ ಯಜಮಾನರೇ ಪ್ರೆಸ್ಸಿಗೆ ಬಂದರು. ದಪ್ಪ ಮನುಷ್ಯ, ಮೊದಲಾದರೆ ಬಾಗಿಲಿಗೆ ಬರುವ ಮುಂಚೆ ಅವರ ನಗು ಬರುತ್ತಿತ್ತು. ಮಗಳು ಹೋದ ಮೇಲೆ ಚಪ್ಪಲಿಯ ಸದ್ದು ಮಾತ್ರ ಬರುತ್ತಿತ್ತು.

"ಕಾರ್ಡು ಮಾಡ್ಸುದುಂಟು ಮಾರಾಯ್ರೆ. ಸಣ್ಣವಳಿಗೆ."

"ಸಂತೋಷ. ಗಂಡು?" ಅಪ್ಪ ಕೇಳಿದರು.

"ಅಳಿಯನೇ. ಮತ್ತೆ ಬೇರೆ ಯಾರು. ಮಗುವಿಗೆ ತಾಯಿ ಬೇಕಲ್ಲ. ಹೊರಗಿನವಳು ಬಂದ್ರೆ ನಮ್ಮ ಮೊಮ್ಮಗ ನಮಗುಂಟಾ ನಾಳೆ?"

ಅಪ್ಪ ವಿವರದ ಚೀಟಿಯನ್ನು ಎರಡು ಸಲ ಓದಿದರು. "ಎರಡು ವಾರ ಆಗುತ್ತೆ."

"ಎರಡು ವಾರವಾ? ಒಂದು ಕಾರ್ಡಾದ್ರೂ ಬೇಗ ಕೊಡಿ. ದೇವರ ಎದುರು ಇಟ್ರೆ ಮತ್ತೆ ಎಲ್ಲರ ಬಾಯಿ ಮುಚ್ತದೆ."

"ಅಕ್ಷರ ಸಾಲ್ತಿಲ್ಲ ಯಜಮಾನರೇ. ಬೆಂಗಳೂರಿಂದ ಮೊಳೆ ಬರಬೇಕು."

ನನಗೆ ಆಶ್ಚರ್ಯವಾಯಿತು. ಹಿಂದಿನ ದಿನವಷ್ಟೇ ನನ್ನ ಒಂಬತ್ತು ಉಪ್ಪಿನಕಾಯಿ ಬಿಡಿಸಿ ಕೇಸುಗಳನ್ನು ತುಂಬಿಸಿದ್ದೆ. ಅಕ್ಷರಗಳು ತುಳುಕುತ್ತಿದ್ದವು. ಅಪ್ಪನಿಗೆ ವಯಸ್ಸಾಯಿತು ಎಂದುಕೊಂಡೆ.

ಅದೇ ಸಂಜೆ ಹೋಟೆಲಿನವರ ಚಿಕ್ಕ ಮಗಳು ಪಕ್ಕದ ಗಲ್ಲಿಯ ಟೈಪಿಂಗ್ ಕ್ಲಾಸಿನಿಂದ ಬರುತ್ತ ನಮ್ಮಲ್ಲಿ ನಿಂತರು. ನನಗಿಂತ ಮೂರು ನಾಲ್ಕು ವರ್ಷ ದೊಡ್ಡವರು, ಕಾಲೇಜಿನ ಕೊನೇ ವರ್ಷ ಬಾಕಿಯಿತ್ತು. ನಾನು ಚಹಾ ತರಲು ಹೋದೆ. ವಾಪಸ್ ಬಂದಾಗ ಅಪ್ಪ ತಲೆಯಾಡಿಸುತ್ತಿದ್ದರು, ಆಕೆ ಕಣ್ಣು ಒರೆಸಿಕೊಳ್ಳುತ್ತಿದ್ದರು. ಡಿಸೈನು ಇಷ್ಟವಾಗಲಿಲ್ಲವೇನೋ ಎಂದುಕೊಂಡೆ. ಆಲ್ಬಮ್ಮನ್ನು ಮುಂದೆ ತಳ್ಳಿದೆ. ಅವರು ನೋಡಲಿಲ್ಲ.

ಗುರುವಾರ ಮಧ್ಯಾಹ್ನ ಅಪ್ಪ ಕಾಗದ ತರಲು ಪರೇಲಿಗೆ ಹೋದರು. ನಾನೊಬ್ಬನೇ. ಮೂರನೇ ಶೆಲ್ಫಿನ ಕೆಂಪು ದಾರ ಕಣ್ಣಿಗೆ ಬಿತ್ತು, ತಲೆಯೊಳಗೆ ದೀಪ ಹತ್ತಿತು. ವರ ಅವನೇ. ವರನ ತಂದೆತಾಯಿ ಅವರೇ. ವಧುವಿನ ತಂದೆತಾಯಿಯೂ ಅವರೇ. ಊರು, ಮನೆತನ, ದೇವರ ಹೆಸರು, ‘ತಮ್ಮ ಆಗಮನವೇ ಉಡುಗೊರೆ’ ಎನ್ನುವ ಸಾಲು, ಎಲ್ಲ ಇದ್ದದ್ದೇ. ಬದಲಾಗಬೇಕಾದದ್ದು ತಾರೀಖು, ‘ಜ್ಯೇಷ್ಠ ಪುತ್ರಿ’ ಎಂಬಲ್ಲಿ ‘ದ್ವಿತೀಯ ಪುತ್ರಿ’, ಮತ್ತೆ ಒಂದು ಹೆಸರು. ಒಂದೇ ಸಲದ್ದೆಂದು ಇಟ್ಟದ್ದು ನಿಜವಾಗಿ ಎರಡನೇ ಶೆಲ್ಫಿನ ಮಾಲು ಎಂದು ನನಗೆ ಅನಿಸಿತು. ನಕ್ಕೆ ಕೂಡ.

ತಾರೀಖನ್ನೂ ‘ಜ್ಯೇಷ್ಠ’ವನ್ನೂ ಬದಲಿಸಿ, ಚಿಮಟಿಗೆಯಲ್ಲಿ ಅಕ್ಕನ ಹೆಸರಿನ ಮೊಳೆಗಳನ್ನು ಕಿತ್ತು ಮೇಜಿನ ಮೇಲಿಟ್ಟೆ. ತಂಗಿಯ ಹೆಸರು ಒಂದು ಅಕ್ಷರ ಚಿಕ್ಕದು. ಉಳಿದ ಜಾಗಕ್ಕೆ ಖಾಲಿ ಸೀಸದ ತುಂಡು ತುರುಕಿದೆ. ಪ್ರೂಫನ್ನು ಎಲ್ಲರೂ ನ್ಯೂಸ್‌ಪ್ರಿಂಟಿನ ಮೇಲೆ ತೆಗೆಯುತ್ತಾರೆ. ನಾನು ಬಂಗಾರದ ಅಂಚಿನ ಕಾರ್ಡನ್ನೇ ತೆಗೆದು, ಕೆಂಪು ಇಂಕಿನಲ್ಲಿ ಒಂದು ಅಚ್ಚು ಹಾಕಿ, ಮ್ಯಾಟರನ್ನು ಮತ್ತೆ ಕೆಂಪು ದಾರದಲ್ಲಿ ಬಿಗಿದೆ. ಗಡಿಯಾರ ನೋಡಿದೆ. ಇಪ್ಪತ್ತು ನಿಮಿಷ. ಪಕ್ಕದ ಅಂಗಡಿಯ ಸೇಠ್ ಹತ್ತಿರ ಫೋನ್ ಕೇಳಿ ಹೋಟೆಲಿಗೆ ಮಾಡಿದೆ.

"ಪ್ರೆಸ್ಸಿನಿಂದ. ನಿಮ್ಮ ಕಾರ್ಡ್ ರೆಡಿ."

ಆ ಕಡೆ ಪಾತ್ರೆಗಳ ಸದ್ದಿನ ನಡುವೆ ಯಜಮಾನರ ದನಿ. "ಎರಡು ವಾರ ಅಂದ್ರಲ್ಲ ನಿನ್ನ ಅಪ್ಪ?"

"ಅದು ಹಳೇ ಸಿಸ್ಟಮ್."

"ಶಾಭಾಶ್ ಮಗ. ನಾಳೆ ಶುಕ್ರವಾರ, ದೇವರ ಎದುರು ಇಡ್ಲಿಕ್ಕೆ ಒಳ್ಳೇ ದಿವಸ. ಗಲ್ಲಾಕ್ಕೆ ಯಾರನ್ನಾದ್ರೂ ಕೂರ್ಸಿ ಈಗ್ಲೇ ನಾನೇ ಬರ್ತೇನೆ."

ವಾಪಸ್ ಬಂದು ಕಾರ್ಡನ್ನು ಗಾಳಿಗೆ ಆರಲು ಇಟ್ಟು, ಅಪ್ಪನಿಗೆ ಇದನ್ನು ಹೇಳುವಾಗ ಎಲ್ಲಿ ಎಷ್ಟು ನಿಲ್ಲಿಸಬೇಕೆಂದು ಅಭ್ಯಾಸ ಮಾಡುತ್ತಿದ್ದೆ. ಚಿಕ್ಕ ಮಗಳು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಟೈಪಿಂಗ್ ಪುಸ್ತಕ.

"ಅಂಕಲ್ ಇಲ್ವಾ?"

"ಪರೇಲಿಗೆ ಹೋಗಿದ್ದಾರೆ. ನಿಮಗೊಂದು ತೋರಿಸ್ತೀನಿ, ಬಿಲೀವ್ ಮಾಡಲ್ಲ ನೀವು."

ಕಾರ್ಡು ಕೊಟ್ಟೆ. ಅವರು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಓದುವಾಗ ಒಂದೊಂದು ಅಕ್ಷರಕ್ಕೂ ತುಟಿ ಅಲುಗುತ್ತಿತ್ತು. ವರನ ತಂದೆಯ ಹೆಸರು, ಊರು, ವರನ ಹೆಸರು. ನಿಧಾನವಾಗಿ ಕೆಳಗಿಳಿದು ಒಂದು ಕಡೆ ನಿಂತರು.

"ಇದು ದೀದಿದ್ದೇ ಕಾರ್ಡ್ ಅಲ್ವಾ?"

"ಹೌದು. ಅದೇ ಮ್ಯಾಟರ್. ಹೆಸರಿನ ಸಾಲು ಮಾತ್ರ ಚೇಂಜ್ ಮಾಡಿದೆ. ಟ್ವೆಂಟಿ ಮಿನಿಟ್ಸ್." ಇದನ್ನು ಹೇಳುವಾಗ ನಾನು ನಗುತ್ತಿದ್ದೆ. ಆ ನಗು ನನ್ನ ಮುಖದಲ್ಲಿ ಇನ್ನೂ ಎಲ್ಲೋ ಅಂಟಿಕೊಂಡಿದೆ ಎಂದು ಕೆಲವು ಸಲ ಅನಿಸುತ್ತದೆ.

"ದೀದೀ ಹೆಸರು ಎಲ್ಲಿ ಹೋಯ್ತು?"

ಮೇಜಿನ ಮೇಲೆ ತೋರಿಸಿದೆ. ಐದು ಮೊಳೆ, ಇವತ್ತಿನ ಕೆಂಪು ಇಂಕು ಹತ್ತದವು. ಅವರು ಅವನ್ನು ಅಂಗೈಗೆ ಹಾಕಿಕೊಂಡು ನೋಡಿದರು. ತಿರುಗಿದ ಅಕ್ಷರ, ಅವರಿಗೆ ಓದಲು ಬರಲಿಲ್ಲ.

"ಮತ್ತೆ ಇದನ್ನ ಹೀಗೇ ಕಟ್ಟಿ ಇಡ್ತೀಯಾ? ಮತ್ಲಬ್, ಮೂರನೇ ಸಲಕ್ಕೂ ಆಗುತ್ತಲ್ವಾ. ನಾನೂ ಹೋದ್ರೆ."

ನಾನು ಸ್ಟೂಲನ್ನು ಅವರ ಕಡೆ ಸರಿಸಿದೆ.

ಅವರು ಸ್ಟೂಲಿನ ಮೇಲೆ ಕೂತರು. ಜಗಳದ ದನಿಯಿಲ್ಲದೆ, ಲೋಕಲ್ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುವ ಹಾಗೆ ಹೇಳಿದರು. "ಭಾವ ಒಳ್ಳೆಯವರೇ. ಆದ್ರೆ ಅವರು ದೀದಿಯ ಗಂಡ. ಮಗು ಈಗ್ಲೂ ನನ್ನ ಹತ್ರಾನೇ ಮಲಗುತ್ತೆ, ಬಾಟಲ್ ನಾನೇ ಕೊಡ್ತೀನಿ. ಅದಕ್ಕೆ ಶಾದಿ ಯಾಕೆ ಬೇಕು? ಮಾವನಿಗೆ ಚಿಟ್ಠಿ ಬರೆದೆ. ಅಮ್ಮನ ಅಣ್ಣ. ನಮ್ಮಲ್ಲಿ ಮಾವ ಬೇಡ ಅಂದ್ರೆ ಪಪ್ಪ ಮುಂದೆ ಹೋಗೋದಿಲ್ಲ. ಊರಿನ ಬಸ್ಸಲ್ಲಿ ಸಂಡೇ ಬರ್ತಾರೆ. ಆದ್ರೆ ಅಷ್ಟರಲ್ಲಿ ಕಾರ್ಡಿಗೆ ಅರಶಿನ ಹಚ್ಚಿ ದೇವರ ಮುಂದೆ ಇಟ್ರೆ ಮಾವನೂ ಏನೂ ಮಾತಾಡಲ್ಲ. ಆಮೇಲೆ ಅದನ್ನ ತೆಗೆಯೋ ಹಾಗಿಲ್ಲ. ಅದಕ್ಕೇ ಅಂಕಲ್‌ಗೆ ಕೇಳ್ಕೊಂಡೆ, ಸಂಡೇ ತನಕ ತಡ ಮಾಡಿ, ಅಷ್ಟೇ ಅಂತ. ಅವರು ಒಂದೂ ಕ್ವೆಶ್ಚನ್ ಕೇಳಲಿಲ್ಲ. ನಿನ್ನ ಪಪ್ಪನಿಗೆ ಮೊದ್ಲೇ ಎರಡು ವಾರ ಅಂದಿದ್ದೀನಿ, ಕಮ್ಮಿ ಮಾಡಲ್ಲ ಅಂದ್ರು."

ಬೆಂಗಳೂರಿನಿಂದ ಬರಬೇಕಾದ ಮೊಳೆಗಳು ಯಾವುವೆಂದು ಆಗ ನನಗೆ ಗೊತ್ತಾಯಿತು. ಚೀಟಿ ಓದಿದಾಗಲೇ, ಯಾರೂ ಕೇಳುವ ಮೊದಲೇ, ಅಪ್ಪ ಆ ಎರಡು ವಾರವನ್ನು ಅವರಿಗಾಗಿ ತೆಗೆದಿಟ್ಟಿದ್ದರು. ನಾನು ಅದನ್ನು ತುಂಡರಿಸಿ ಇಪ್ಪತ್ತು ನಿಮಿಷ ಮಾಡಿದ್ದೆ.

"ನಾನು... ಫೋನ್ ಮಾಡ್ಬಿಟ್ಟೆ," ಎಂದೆ.

"ಯಾರಿಗೆ?"

ಹೇಳಬೇಕಾಗಲಿಲ್ಲ. ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಬಿಡಿಸಿಬಿಡ್ತೀನಿ. ಬಂದ್ರೆ ಕೈ ಜಾರಿ ಬಿತ್ತು, ಎಲ್ಲ ಕಲಸಿಹೋಯ್ತು ಅಂತೀನಿ. ನನ್ನ ಮಾತನ್ನ ಯಾರು ಬೇಕಾದ್ರೂ ನಂಬ್ತಾರೆ. ಸುಳ್ಳು ಹೇಳೋದ್ರಲ್ಲಿ ನಾನು ಫಸ್ಟ್."

"ಕಾರ್ಡ್?"

"ಹರಿದು ಹಾಕೋಣ."

ಅವರು ಕಾರ್ಡನ್ನು ಎರಡು ಕೈಯಲ್ಲಿ ಹಿಡಿದರು. ನಾನು ಕೆಂಪು ದಾರದ ತುದಿ ಹುಡುಕಿದೆ. ಎರಡು ವರ್ಷದಿಂದ ಮುಂದೂಡಿದ ಕೆಲಸಕ್ಕೆ ಅಷ್ಟು ಅವಸರದಲ್ಲಿ ಕೈ ಹಾಕಿದ್ದು ಅದೇ ಮೊದಲು. ನನ್ನದೇ ಗಂಟು, ಸಿಸ್ಟಮ್ಮಿನ ಗಂಟು, ಬಿಚ್ಚಲಿಲ್ಲ. ಹಲ್ಲಿನಲ್ಲಿ ಕಚ್ಚಿದೆ. ಅವರ ಬೆರಳುಗಳು ಕಾರ್ಡಿನ ಬಂಗಾರದ ಅಂಚಿನಲ್ಲೇ ಇದ್ದವು, ಹರಿಯಲಿಲ್ಲ. ಅದರಲ್ಲಿ ಅಕ್ಕನ ಮದುವೆಯ ಎಲ್ಲ ಸಾಲೂ ಇತ್ತಲ್ಲ, ಅದಕ್ಕಿರಬೇಕು. ಆ ಐದು ಮೊಳೆಗಳು ಅವರ ಮುಷ್ಟಿಯಲ್ಲೇ ಉಳಿದಿದ್ದವು. ಅವು ನಮ್ಮ ಕೇಸಿಗೆ ಇವತ್ತಿನ ತನಕ ವಾಪಸ್ ಬಂದಿಲ್ಲ. ಅಪ್ಪ ಕೇಳಿಯೂ ಇಲ್ಲ.

ಹೊರಗೆ ಚಪ್ಪಲಿಯ ಸದ್ದು ಕೇಳಿತು.

ಹೋಟೆಲಿನ ಯಜಮಾನರು ಒಳಗೆ ಬಂದರು. ಬೆವರಿದ್ದರು. ಬಾಳೆಲೆಯ ಸಣ್ಣ ಪೊಟ್ಟಣವೊಂದು ಕೈಯಲ್ಲಿತ್ತು. ಮಗಳನ್ನು ಅಲ್ಲಿ ನೋಡಿ ಅವರಿಗೆ ಕೋಪ ಬರಲಿಲ್ಲ, ಖುಷಿಯೇ ಆಯಿತು.

"ನೀನೂ ಬಂದ್ಯಾ? ಒಳ್ಳೇದಾಯ್ತು. ಅಮ್ಮ ಅರಶಿನ ಕಲಸಿ ಕೊಟ್ಟಿದ್ದಾಳೆ. ಕಾರ್ಡು ಮನೆಗೆ ಮುಟ್ಟುವ ತನಕ ಕಾಯ್ಲಿಕ್ಕೆ ಆಗ್ಲಿಲ್ಲ ನನಗೆ."

ಮಗಳ ಕೈಯಿಂದ ಕಾರ್ಡು ತೆಗೆದುಕೊಂಡು ಬೆಳಕಿಗೆ ಹಿಡಿದರು. ಓದುತ್ತ ಅವರ ಬೆರಳು ಸಾಲಿನ ಕೆಳಗೆ ನಡೆಯಿತು. ಹೆಸರಿನ ಹತ್ತಿರ, ನಾನು ಖಾಲಿ ಸೀಸ ತುರುಕಿದ್ದ ಆ ಸಣ್ಣ ಬಿಳಿ ಜಾಗದ ಮೇಲೆ ನಿಂತಿತು. ಕೆಳದುಟಿ ಒಮ್ಮೆ ಒಳಗೆ ಹೋಯಿತು.

"ಅಕ್ಷರ ಅದೇ ಅಲ್ವನಾ, ಮಗ? ಆಗಿನದ್ದೇ?"

"ಹೌದು," ಎಂದೆ. ಕೆಂಪು ದಾರ ಇನ್ನೂ ನನ್ನ ಹಲ್ಲಿನ ನಡುವೆ ಇತ್ತು.

"ಚೆಂದ ಉಂಟು." ಪೊಟ್ಟಣ ಬಿಚ್ಚಿದರು. ಹೆಬ್ಬೆರಳನ್ನು ಅರಶಿನದಲ್ಲಿ ಅದ್ದಿದರು. "ನಿನ್ನ ಹೆಸರು ನೋಡಿದ್ಯಾ ಮಗಳೇ?"

"ನೋಡಿದೆ ಪಪ್ಪ."

ಒಂದೊಂದು ಮೂಲೆಗೂ ಅವರು ನಿಧಾನವಾಗಿ ಹೆಬ್ಬೆರಳು ಒತ್ತಿದರು, ಒಂದು, ಎರಡು, ಮೂರು, ನಾಲ್ಕು. ಇಂಕು ಇನ್ನೂ ಆರಿರಲಿಲ್ಲ. ಮಾವ ಬರಲು ಇನ್ನೂ ಮೂರು ದಿನವಿತ್ತು.